ಸಹಿ ಹಾಕಿದ ದಿನ ಅಷ್ಟೇ ಅಲ್ಲ, ಆಮೇಲಿಂದೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಅಮೆರಿಕದಲ್ಲಿ ಅಧ್ಯಕ್ಷರು ಬದಲಾದಾಗೆಲ್ಲ ನಮ್ಮ ಪೇಪರ್‌ಗಳಲ್ಲಿ ಒಂದೇ ಥರದ ಫೋಟೋ ಬರುತ್ತೆ, ದೊಡ್ಡ ಮೇಜು, ಫೈಲು, ಪೆನ್ನು, ಹಿಂದೆ ಸಾಲಾಗಿ ನಿಂತಿರೋ ಜನ, ಮೇಲೆ ಹಿಂದಿನವರ ಆದೇಶ ರದ್ದು ಅಂತ ಹೆಡ್‌ಲೈನು. 2021ರಲ್ಲಿ ಬೈಡನ್ ಬಂದ ದಿನಾನೇ ಟ್ರಂಪ್ ಅವರದ್ದನ್ನ ತೆಗೆದ್ರು, 2025ರ ಜನವರಿ 20ಕ್ಕೆ ಟ್ರಂಪ್ ವಾಪಸ್ ಬಂದು ಬೈಡನ್ ಕಾಲದ 78 ಆದೇಶ, ಮೆಮೊಗಳನ್ನ ಒಂದೇ ಸಹಿಯಲ್ಲಿ ರದ್ದು ಮಾಡಿದ್ರು. ಸುದ್ದಿ ಅಲ್ಲಿಗೆ ಮುಗೀತು. ಆ ಆದೇಶಗಳು ಆಮೇಲೆ ಏನಾದ್ವು, ಯಾವುದು ನಿಂತಿತು ಯಾವುದು ಬಿದ್ದುಹೋಯ್ತು ಅಂತ ಯಾರೂ ಬರೆಯಲ್ಲ, ನಿಮ್ಮ ಪೇಪರ್ ಅಂತ ಅಲ್ಲ, ಯಾವ ಪೇಪರೂ ಬರೆಯಲ್ಲ. ಈ ಪತ್ರ ಅದರ ಬಗ್ಗೇನೇ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಜಿಲ್ಲಾ ಕೋರ್ಟಲ್ಲಿ ಕ್ರಿಮಿನಲ್ ಕೇಸು ನಡೆಸೋ ವಕೀಲ. ಆರೋಪಿಯ ಸ್ವಇಚ್ಛಾ ಹೇಳಿಕೆ ಅಂತ ಚಾರ್ಜ್‌ಶೀಟ್ ಜೊತೆ ಬರೋ ಕಾಗದ ಓದೋದು ನನ್ನ ದಿನದ ಕೆಲಸ, ಹಾಗಾಗಿ ಕಸ್ಟಡಿಯಲ್ಲಿ ಇರೋ ಮನುಷ್ಯನ ಬಾಯಿ ಬಿಡಿಸೋದು ಅನ್ನೋ ವಿಷಯ ಯಾವ ದೇಶದ್ದೇ ಆಗಲಿ ನನಗೆ ದೂರದ್ದು ಅನ್ಸಲ್ಲ. ಅಮೆರಿಕದ ಅಧ್ಯಕ್ಷರು ರದ್ದು ಮಾಡಿದ ನೂರಾರು ಆದೇಶಗಳಲ್ಲಿ ನಾನು ಪೂರ್ತಿ ಕೂತು ಓದಿದ್ದು, ಮನಸ್ಸಿಗೆ ತಗೊಂಡಿದ್ದು 2009ರ ಜನವರಿ 22ರಂದು ಒಬಾಮ ಸಹಿ ಹಾಕಿದ ಆದೇಶಗಳನ್ನ. ಅಧಿಕಾರಕ್ಕೆ ಬಂದು ಎರಡೇ ದಿನ ಆಗಿತ್ತು. ವಿಚಾರಣೆ ಹೆಸರಲ್ಲಿ ಕೈದಿಗಳಿಗೆ ಹಿಂಸೆ ಕೊಡೋದು ಬಂದ್, ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯ ಗುಪ್ತ ಜೈಲುಗಳು ಬಂದ್, ಕ್ಯೂಬಾದಲ್ಲಿ ಅಮೆರಿಕ ಇಟ್ಟುಕೊಂಡಿರೋ ಗ್ವಾಂಟನಾಮೊ ಜೈಲು ಒಂದು ವರ್ಷದೊಳಗೆ ಬಂದ್. ಹಿಂದೆ ನಿವೃತ್ತ ಜನರಲ್‌ಗಳು, ಅಡ್ಮಿರಲ್‌ಗಳು ನಿಂತಿದ್ರು, ಜೀವಮಾನ ಎಲ್ಲ ಸೈನ್ಯದಲ್ಲಿ ಕಳೆದವರೇ ಇದು ನಿಲ್ಲಬೇಕು ಅಂತ ಕೇಳಿಕೊಂಡಿದ್ದು.

ಈ ಎಕ್ಸಿಕ್ಯುಟಿವ್ ಆರ್ಡರ್ ಅಂದ್ರೆ ಏನು ಅಂತ ಓದುಗರಿಗೆ ಒಂದು ಮಾತು ಹೇಳಿಬಿಡ್ತೀನಿ, ಯಾಕಂದ್ರೆ ನಮ್ಮ ಪೇಪರ್‌ಗಳು ಕೆಲವೊಮ್ಮೆ ಅದನ್ನ ಸುಗ್ರೀವಾಜ್ಞೆ ಅಂತ ಬರೀತಾರೆ, ಅದು ಸರಿಯಲ್ಲ. ಸುಗ್ರೀವಾಜ್ಞೆಗೆ ಕಾನೂನಿನ ಬಲ ಇರುತ್ತೆ, ಸಂಸತ್ತು ಸೇರಿ ಆರು ವಾರದೊಳಗೆ ಒಪ್ಪಿಗೆ ಸಿಗದಿದ್ರೆ ಬಿದ್ದುಹೋಗುತ್ತೆ. ಅಲ್ಲಿಯದು ಹೆಚ್ಚುಕಮ್ಮಿ ನಮ್ಮ ಸರ್ಕಾರಿ ಆದೇಶ ಇದ್ದ ಹಾಗೆ, ಅಧ್ಯಕ್ಷರು ತಮ್ಮ ಕೈಕೆಳಗಿನ ಇಲಾಖೆಗಳಿಗೆ ಹೀಗೆ ನಡ್ಕೊಳ್ಳಿ ಅಂತ ಕೊಡೋ ಅಪ್ಪಣೆ. ಸಂಸತ್ತಿನ ಒಪ್ಪಿಗೆ ಬೇಕಿಲ್ಲ, ಅವಧಿ ಅಂತ ಇಲ್ಲ, ಮುಂದಿನವರು ಬಂದು ಬೇಡ ಅಂದ್ರೆ ಅವತ್ತೇ ಹೋಯ್ತು. ನಮ್ಮಲ್ಲಿ ಸರ್ಕಾರ ಬದಲಾದ ತಕ್ಷಣ ಹಿಂದಿನವರ ಆದೇಶಗಳಿಗೆ ತಡೆ ಕೊಡ್ತಾರಲ್ಲ, ಅದೇ. ವಿದೇಶದಲ್ಲಿ ಗರ್ಭಪಾತಕ್ಕೆ ನೆರವಾಗೋ ಸಂಸ್ಥೆಗಳಿಗೆ ಅಮೆರಿಕದ ಹಣ ಕೊಡಬಾರದು ಅಂತ ರೇಗನ್ 1984ರಲ್ಲಿ ಮಾಡಿದ ನಿಯಮ ನೋಡಿ, ಕ್ಲಿಂಟನ್ ತೆಗೆದ್ರು, ಬುಷ್ ತಂದ್ರು, ಒಬಾಮ ತೆಗೆದ್ರು, ಟ್ರಂಪ್ ತಂದ್ರು, ಬೈಡನ್ ತೆಗೆದ್ರು, ಟ್ರಂಪ್ ಮತ್ತೆ ತಂದ್ರು. ಹಣಕಾಸಿನ ಶರತ್ತು, ಯಾವ ಇಲಾಖೆ ಹೇಗೆ ನಡೀಬೇಕು ಅನ್ನೋದು ಹೀಗೆ ಅತ್ತಿತ್ತ ಆಗಲಿ, ಜನ ಓಟು ಹಾಕಿದ್ದಕ್ಕೆ ಏನಾದ್ರೂ ಬದಲಾಗಬೇಕಲ್ಲ. ಆದ್ರೆ ಕೈಕಾಲು ಕಟ್ಟಿಹಾಕಿರೋ ಮನುಷ್ಯನಿಗೆ ಉಸಿರು ಕಟ್ಟೋ ಹಾಗೆ ನೀರು ಸುರೀಬಹುದಾ ಬೇಡ್ವಾ ಅನ್ನೋದು ಯಾರು ಎಲೆಕ್ಷನ್ ಗೆದ್ದರು ಅನ್ನೋದರ ಮೇಲೆ ನಿಲ್ಲಬಾರದು. ನನ್ನ ಮಾತು ಇಷ್ಟೇ, ಉಳಿದದ್ದೆಲ್ಲ ಇದಕ್ಕೆ ಕಾರಣ.

ಒಬಾಮ ರದ್ದು ಮಾಡಿದ್ದು ಏನನ್ನ ಅಂತ ಮೊದಲು ನೋಡಬೇಕು. ಅಮೆರಿಕ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1994ರಲ್ಲೇ ಪೂರ್ತಿ ಒಪ್ಪಿಗೆ ಕೊಟ್ಟ ದೇಶ, ಹಿಂಸೆ ಕೊಟ್ರೆ ಜೈಲು ಅಂತ ತನ್ನದೇ ಕಾನೂನೂ ಅವರಲ್ಲಿ ಇತ್ತು. 2001ರ ಸೆಪ್ಟೆಂಬರ್ 11ರ ದಾಳಿ ಆದ್ಮೇಲೆ ಆ ಕಾನೂನನ್ನ ಯಾರೂ ರದ್ದು ಮಾಡಲಿಲ್ಲ. ಅದರ ಬದಲು 2002ರ ಆಗಸ್ಟ್ 1ರಂದು ನ್ಯಾಯ ಇಲಾಖೆಯ ವಕೀಲರು ಒಂದು ಗುಪ್ತ ಅಭಿಪ್ರಾಯ ಬರೆದುಕೊಟ್ರು, ಅದರ ಪ್ರಕಾರ ದೈಹಿಕ ನೋವು ಚಿತ್ರಹಿಂಸೆ ಅನಿಸಿಕೊಳ್ಳಬೇಕಾದ್ರೆ ಅಂಗಾಂಗ ವೈಫಲ್ಯ ಅಥವಾ ಸಾವಿನ ಜೊತೆ ಬರೋ ನೋವಿನಷ್ಟು ತೀವ್ರ ಇರಬೇಕಂತೆ. ಅಷ್ಟಿಲ್ಲದಿದ್ರೆ ಅದು ಹಿಂಸೆ ಅಲ್ಲ, ಮಾಡಬಹುದು. ವಕೀಲನಾಗಿ ನನಗೆ ಬಹಳ ಕಷ್ಟ ಆಗೋದು ಇದನ್ನ ಓದಿದಾಗ. ಕಾನೂನು ಓದಿದವರು, ದೊಡ್ಡ ದೊಡ್ಡ ಯೂನಿವರ್ಸಿಟಿಗಳಲ್ಲಿ ಕಲಿತವರು, ಎಸಿ ರೂಮಲ್ಲಿ ಕೂತು ಇನ್ನೊಬ್ಬ ಮನುಷ್ಯನಿಗೆ ಎಷ್ಟು ನೋವು ಕೊಡಬಹುದು ಅಂತ ಅಳತೆ ಬರೆದಿದ್ದಾರೆ. ಎಷ್ಟು ಸೆಕೆಂಡು ನೀರು, ಎಷ್ಟು ಗಂಟೆ ಪೆಟ್ಟಿಗೆ ಒಳಗೆ, ಎಷ್ಟು ಹೊತ್ತು ನಿದ್ದೆ ಇಲ್ಲದೆ ನಿಲ್ಲಿಸಬಹುದು ಅಂತ. ಆಮೇಲಿನ ಮೆಮೊಗಳಲ್ಲಿ 180 ಗಂಟೆ ನಿದ್ದೆಗೆಡಿಸೋಕೂ ಒಪ್ಪಿಗೆ ಇದೆ, ಅಂದ್ರೆ ಏಳೂವರೆ ದಿನ.

ಅಲ್‌ ಖೈದಾದವನು ಅನ್ನೋ ಶಂಕೆ ಮೇಲೆ ಅಬು ಜುಬೈದಾ ಅನ್ನೋವನನ್ನ 2002ರ ಮಾರ್ಚ್‌ನಲ್ಲಿ ಪಾಕಿಸ್ತಾನದ ಫೈಸಲಾಬಾದ್‌ನಲ್ಲಿ ಹಿಡಿದ್ರು, ಗುಂಡೇಟು ತಿಂದು ಸಾಯೋ ಸ್ಥಿತೀಲಿ ಇದ್ದ. ಮೊದಲು ಅವನ ಹತ್ರ ಮಾತಾಡಿದ್ದು ಅಲಿ ಸೌಫಾನ್ ಅನ್ನೋ ಎಫ್‌ಬಿಐ ಅಧಿಕಾರಿ, ಲೆಬನಾನ್‌ನಲ್ಲಿ ಹುಟ್ಟಿ ಅರೇಬಿಕ್ ಮನೆಮಾತಾಗಿದ್ದ ಮನುಷ್ಯ. ಅವರು, ಅವರ ಜೊತೆಗಾರರು ಗಾಯಗೊಂಡವನಿಗೆ ಆರೈಕೆ ಮಾಡ್ತಾ, ಅವನ ಬಗ್ಗೆ ಮೊದಲೇ ತಿಳಿದುಕೊಂಡಿದ್ದನ್ನ ಇಟ್ಕೊಂಡು ಮಾತಿಗೆ ಎಳೆದ್ರು, ಸೆಪ್ಟೆಂಬರ್ 11ರ ಸಂಚು ಹೂಡಿದ್ದು ಖಾಲಿದ್ ಶೇಖ್ ಮೊಹಮ್ಮದ್ ಅನ್ನೋದು ಹೊರಗೆ ಬಂದಿದ್ದು ಹಾಗೆ. ಇದನ್ನ ಸೌಫಾನ್ 2009ರಲ್ಲಿ ಸೆನೆಟ್ ಸಮಿತಿ ಮುಂದೆ ಪ್ರಮಾಣ ಮಾಡಿ ಹೇಳಿದ್ದಾರೆ. ಆದ್ರೆ ಸಿಐಎ ಇಷ್ಟಕ್ಕೆ ಸುಮ್ಮನಾಗಲಿಲ್ಲ, ಹೊರಗಿನಿಂದ ಇಬ್ಬರು ಮನಶ್ಶಾಸ್ತ್ರಜ್ಞರನ್ನ ಕರೆಸ್ತು, ಅವರಿಬ್ಬರೂ ಅಲ್‌ ಖೈದಾ ಬಗ್ಗೆ ಪರಿಣತರಲ್ಲ, ನಿಜವಾದ ವಿಚಾರಣೆಯನ್ನ ಒಂದು ಸಲಾನೂ ನಡೆಸಿದವರಲ್ಲ. ಶತ್ರುಗಳ ಕೈಗೆ ಸಿಕ್ಕಿದ್ರೆ ತಡ್ಕೊಳ್ಳೋದು ಹೇಗೆ ಅಂತ ಅಮೆರಿಕದ ಸೈನಿಕರಿಗೆ ಕೊಡೋ ತರಬೇತಿಯನ್ನೇ ತಿರುಗಿಸಿ ಕೈದಿಗಳ ಮೇಲೆ ಹಾಕಿದ್ರು. ಅವರ ಕಂಪನಿಗೆ 8 ಕೋಟಿ ಡಾಲರ್‌ಗೂ ಮೇಲೆ ಹಣ ಸಂದಾಯ ಆಯ್ತು. ಜುಬೈದಾನ ಮೇಲೆ ಒಂದೇ ತಿಂಗಳಲ್ಲಿ 83 ಸಲ ವಾಟರ್‌ಬೋರ್ಡಿಂಗ್, ಅಂದ್ರೆ ಉಸಿರು ಕಟ್ಟೋ ಹಾಗೆ ಮುಖದ ಮೇಲೆ ನೀರು ಸುರಿಯೋದು, ಖಾಲಿದ್ ಶೇಖ್ ಮೇಲೆ 183 ಸಲ. ಈ ಲೆಕ್ಕ ಯಾರೋ ವಿರೋಧಿಗಳು ಹೇಳಿದ್ದಲ್ಲ, ಅವರ ಸರ್ಕಾರದ ಕಾಗದದಲ್ಲೇ ಇದೆ. ಮೊದಲನೇ ಸಲಕ್ಕೆ ನಿಜ ಬಂದಿದ್ರೆ 83ನೇ ಸಲ ಯಾಕೆ ಬೇಕಾಗಿತ್ತು ಅಂತ ಯಾರಾದ್ರೂ ಕೇಳಬೇಕಲ್ವಾ.

ನಮ್ಮಲ್ಲೂ ಬೆಂಡೆತ್ತಿದ್ರೆ ಎಲ್ಲ ಬಾಯಿ ಬಿಡ್ತಾನೆ, ದಂಡಂ ದಶಗುಣಂ ಅಂತ ಸಲೀಸಾಗಿ ಹೇಳ್ತಾರೆ, ಓದಿದವರೂ ಹೇಳ್ತಾರೆ. ಬಾಯಿ ಬಿಡ್ತಾನೆ, ನಿಜ. ಏನು ಹೇಳ್ತಾನೆ ಅನ್ನೋದು ಪ್ರಶ್ನೆ. ಇಬ್ನ್ ಅಲ್ ಶೇಖ್ ಅಲ್ ಲಿಬಿ ಅನ್ನೋವನನ್ನ ಹಿಡಿದು ಅಮೆರಿಕದವರು ಈಜಿಪ್ಟ್‌ಗೆ ಕಳಿಸಿದ್ರು, ಅಲ್ಲಿನ ಹಿಂಸೆ ತಡೀಲಾರದೆ ಅವನು ಇರಾಕ್ ಸರ್ಕಾರ ಅಲ್‌ ಖೈದಾಕ್ಕೆ ರಾಸಾಯನಿಕ, ಜೈವಿಕ ಅಸ್ತ್ರಗಳ ತರಬೇತಿ ಕೊಟ್ಟಿದೆ ಅಂದುಬಿಟ್ಟ. ಅವರಿಗೆ ಬೇಕಾಗಿದ್ದ ಉತ್ತರ ಅದೇ. 2003ರ ಫೆಬ್ರವರಿ 5ಕ್ಕೆ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆ ಭದ್ರತಾ ಮಂಡಳಿ ಮುಂದೆ ನಿಂತು ಇರಾಕ್ ಮೇಲೆ ಯುದ್ಧ ಯಾಕೆ ಅನಿವಾರ್ಯ ಅಂತ ವಿವರಿಸಿದಾಗ ಈ ಹೇಳಿಕೆಯನ್ನೂ ಸೇರಿಸಿದ್ರು, ಮುಂದಿನ ತಿಂಗಳು ಯುದ್ಧ ಶುರು ಆಯ್ತು. 2004ರಲ್ಲಿ ಆ ಮನುಷ್ಯ ನಾನು ಹೇಳಿದ್ದು ಸುಳ್ಳು, ಹೊಡೆತ ನಿಲ್ಲಲಿ ಅಂತ ಹೇಳಿದೆ ಅಂದ. ಅಷ್ಟೊತ್ತಿಗೆ ಬಾಗ್ದಾದ್ ಬಿದ್ದು ವರ್ಷ ಆಗ್ತಾ ಬಂದಿತ್ತು. ಹಿಂಸೆಯಿಂದ ದೇಶ ಉಳಿಯುತ್ತೆ ಅನ್ನೋರಿಗೆ ನಾನು ತೋರಿಸೋದು ಇದೊಂದನ್ನೇ, ಹಿಂಸೆಯಿಂದ ಹುಟ್ಟಿದ ಒಂದು ಸುಳ್ಳು ಯುದ್ಧದ ಸಮರ್ಥನೆಗೆ ಬಳಕೆ ಆಯ್ತು, ಆ ಯುದ್ಧದಲ್ಲಿ ಅಮೆರಿಕದ ಸೈನಿಕರೇ 4 ಸಾವಿರಕ್ಕೂ ಹೆಚ್ಚು ಜನ ಸತ್ರು, ಇರಾಕಿನ ಜನ ಎಷ್ಟು ಸತ್ರು ಅನ್ನೋದನ್ನ ಲಕ್ಷಗಳಲ್ಲಿ ಹೇಳಬೇಕು.

ಇನ್ನು ಗುಲ್ ರೆಹಮಾನ್. ಅಫ್ಘಾನಿಸ್ತಾನದ ಗುಪ್ತ ಜೈಲಿನಲ್ಲಿ 2002ರ ನವೆಂಬರ್ ಚಳೀಲಿ ಅವನನ್ನ ಸೊಂಟದ ಕೆಳಗೆ ಬಟ್ಟೆ ಇಲ್ಲದೆ ಬರೀ ಸಿಮೆಂಟ್ ನೆಲದ ಮೇಲೆ ಸರಪಳಿ ಹಾಕಿ ಕೂರಿಸಿದ್ರು, ಬೆಳಗ್ಗೆ ನೋಡಿದ್ರೆ ಸತ್ತಿದ್ದ. ಮೈ ಬಿಸಿ ಇಳಿದು ಸತ್ತಿದ್ದು ಅಂತ ವರದಿ. ಆ ಜೈಲಿನ ಜವಾಬ್ದಾರಿ ಹೊತ್ತಿದ್ದ ಅಧಿಕಾರಿಗೆ ಕೆಲವೇ ತಿಂಗಳಲ್ಲಿ 2,500 ಡಾಲರ್ ಬಹುಮಾನ ಕೊಡಬೇಕು ಅಂತ ಶಿಫಾರಸು ಹೋಯ್ತು. ಈ ಒಂದು ಸಾಲನ್ನ ನಾನು ಎಷ್ಟು ಸಲ ಓದಿದ್ರೂ ಸಿಟ್ಟು ಕಮ್ಮಿ ಆಗಿಲ್ಲ.

ಅಲ್ಲಿನ ಸಂಸತ್ತು ಸುಮ್ಮನೆ ಕೂತಿತ್ತು ಅಂತಲ್ಲ. ಸೆನೆಟರ್ ಜಾನ್ ಮೆಕೇನ್, ವಿಯೆಟ್ನಾಂನಲ್ಲಿ ಐದೂವರೆ ವರ್ಷ ಯುದ್ಧಕೈದಿಯಾಗಿ ಹಿಂಸೆ ತಿಂದು, ಕೈಗಳನ್ನ ತಲೆ ಮೇಲಕ್ಕೆ ಎತ್ತೋಕೂ ಆಗದ ಹಾಗೆ ಆಗಿ ಬಂದವರು, ಬುಷ್ ಅವರದ್ದೇ ಪಕ್ಷ. 2005ರಲ್ಲಿ ಅವರು ತಂದ ತಿದ್ದುಪಡಿಗೆ ಸೆನೆಟ್‌ನಲ್ಲಿ 90 ಓಟು ಬಂತು, ವಿರುದ್ಧ ಬರೀ 9. ಆದ್ರೆ ಅದರಲ್ಲಿ ಸೈನ್ಯದ ಕೈಪಿಡಿ ಪ್ರಕಾರಾನೇ ವಿಚಾರಣೆ ಮಾಡಬೇಕು ಅನ್ನೋ ಮಾತು ರಕ್ಷಣಾ ಇಲಾಖೆಗೆ ಮಾತ್ರ ಇತ್ತು, ಸಿಐಎ ಹೊರಗೆ ಉಳೀತು. 2007ರ ಜುಲೈನಲ್ಲಿ ಬುಷ್ ಒಂದು ಆದೇಶ ಹೊರಡಿಸಿ, ಸಿಐಎ ಮಾಡ್ತಿರೋದು ಯುದ್ಧದಲ್ಲಿ ಸಿಕ್ಕವರನ್ನ ಹೇಗೆ ನಡೆಸ್ಕೋಬೇಕು ಅನ್ನೋ ಜಿನೀವಾ ಒಪ್ಪಂದಕ್ಕೆ ಹೊಂದುತ್ತೆ ಅಂತ ತಾವೇ ಅರ್ಥ ಹೇಳಿಬಿಟ್ರು. ಸಿಐಎಗೂ ಅದೇ ಕೈಪಿಡಿ ಅನ್ವಯ ಆಗಲಿ ಅಂತ ಸಂಸತ್ತು ಮಸೂದೆ ಪಾಸ್ ಮಾಡಿದ್ರೆ 2008ರ ಮಾರ್ಚ್‌ನಲ್ಲಿ ಬುಷ್ ವೀಟೊ ಹಾಕಿ ತಡೆದ್ರು. ಅಂದ್ರೆ ಒಬಾಮ ಬರೋ ಹೊತ್ತಿಗೆ ಪರಿಸ್ಥಿತಿ ಹೀಗಿತ್ತು, ಕಾನೂನು ಇತ್ತು, ಅದಕ್ಕೆ ಒಬ್ಬರು ಕೊಟ್ಟ ಅರ್ಥ ಆ ಕಾನೂನಿನ ಮೇಲೆ ಕೂತಿತ್ತು.

2009ರ ಆದೇಶ ಇದನ್ನ ಬಹಳ ಚೊಕ್ಕವಾಗಿ ಬಿಡಿಸಿತು, ಅದರ ಬರವಣಿಗೆಯನ್ನ ನಾನು ಮೆಚ್ಚಿಕೊಂಡೇ ಓದಿದ್ದೀನಿ. 2007ರ ಬುಷ್ ಆದೇಶ ರದ್ದು. 2001ರ ಸೆಪ್ಟೆಂಬರ್ 11ರಿಂದ 2009ರ ಜನವರಿ 20ರ ತನಕ ನ್ಯಾಯ ಇಲಾಖೆ ವಿಚಾರಣೆ ಬಗ್ಗೆ ಕೊಟ್ಟ ಯಾವ ಕಾನೂನು ಅಭಿಪ್ರಾಯವನ್ನೂ ಇನ್ಮೇಲೆ ಯಾವ ಅಧಿಕಾರಿಯೂ ನೆಚ್ಚಿಕೊಳ್ಳೋ ಹಾಗಿಲ್ಲ. ಯುದ್ಧದಲ್ಲಿ ಸಿಕ್ಕ ಕೈದಿಗಳನ್ನ ಯಾರೇ ವಿಚಾರಿಸಲಿ, ಸೈನ್ಯವೋ ಸಿಐಎಯೋ, ಸೈನ್ಯದ ಕೈಪಿಡಿಯಲ್ಲಿ ಇರೋ 19 ವಿಧಾನಗಳು ಬಿಟ್ಟು ಬೇರೆ ಇಲ್ಲ. ಎಫ್‌ಬಿಐನಂಥ ಪೊಲೀಸ್ ಸಂಸ್ಥೆಗಳು ಬಲವಂತ ಇಲ್ಲದ ತಮ್ಮ ಮಾಮೂಲಿ ಕ್ರಮ ಮುಂದುವರಿಸಬಹುದು. ಹಿಡಿದವರ ಬಗ್ಗೆ ರೆಡ್‌ಕ್ರಾಸ್‌ಗೆ ತಿಳಿಸಬೇಕು, ಭೇಟಿಗೆ ಬಿಡಬೇಕು. ಗುಪ್ತ ಜೈಲು ಆದಷ್ಟು ಬೇಗ ಮುಚ್ಚಬೇಕು. ಮಾಜಿ ಉಪಾಧ್ಯಕ್ಷ ಡಿಕ್ ಚೇನಿ ಇದರಿಂದ ದೇಶದ ಸುರಕ್ಷತೆ ಹೋಯ್ತು ಅಂತ ತಿಂಗಳುಗಟ್ಟಲೆ ಹೇಳ್ತಾ ಓಡಾಡಿದ್ರು. ಆದ್ರೆ ಮುಂದೆ ಬಿನ್ ಲಾಡೆನ್ ಸಿಕ್ಕಿದ್ದು 2011ರಲ್ಲಿ, ಈ ಆದೇಶ ಜಾರೀಲಿ ಇದ್ದಾಗಲೇ.

ಈಗ ಮುಖ್ಯ ವಿಷಯ. ಅದೇ ದಿನ, ಅದೇ ಮೇಜಿನ ಮೇಲೆ ಸಹಿ ಆದ ಎರಡು ಆದೇಶಗಳ ಗತಿ ಏನಾಯ್ತು ನೋಡಿ.

ಗ್ವಾಂಟನಾಮೊ ಮುಚ್ಚೋ ಆದೇಶ. 2002ರ ಜನವರಿ 11ಕ್ಕೆ ಶುರುವಾದ ಜೈಲು, ಒಟ್ಟು 780ರಷ್ಟು ಜನರನ್ನ ಅಲ್ಲಿ ಇಟ್ಟಿದ್ರು, ಒಬಾಮ ಬಂದಾಗ 240ರಷ್ಟು ಉಳಿದಿದ್ರು. ಮುಚ್ಚೋಕೆ 8 ಕೋಟಿ ಡಾಲರ್ ಕೊಡಿ ಅಂತ ಕೇಳಿದ್ರೆ 2009ರ ಮೇ ತಿಂಗಳಲ್ಲಿ ಸೆನೆಟ್ ಆಗಲ್ಲ ಅಂತು, 90ಕ್ಕೆ 6 ಓಟು, ಒಬಾಮ ಅವರ ಸ್ವಂತ ಪಕ್ಷದವರೇ ಬಹುತೇಕ ವಿರುದ್ಧ. ನಮ್ಮ ಊರಿನ ಜೈಲಿಗೆ ಅವರನ್ನ ತರಬೇಡಿ ಅನ್ನೋ ಭಯ. 2011ರಿಂದ ಆಚೆಗೆ ಅಲ್ಲಿನವರನ್ನ ಅಮೆರಿಕದ ನೆಲಕ್ಕೆ, ಕೋರ್ಟ್ ವಿಚಾರಣೆಗೂ ಕೂಡ ತರಬಾರದು ಅಂತ ಕಾನೂನೇ ಆಯ್ತು. ಒಬಾಮ ಹೋಗುವಾಗ 41 ಜನ ಅಲ್ಲೇ ಇದ್ರು. 2018ರ ಜನವರಿಯಲ್ಲಿ ಟ್ರಂಪ್ ಒಂದು ಸಹಿ ಹಾಕಿ ಮುಚ್ಚೋ ಆದೇಶವನ್ನ ತೆಗೆದ್ರು, ಜೈಲು ಮುಂದುವರೀಲಿ ಅಂದ್ರು. ಮುಗೀತು. 2025ರ ಜನವರಿಯಲ್ಲಿ 11 ಯೆಮೆನಿಗಳನ್ನ ಓಮನ್‌ಗೆ ಕಳಿಸಿದ್ಮೇಲೂ 15 ಜನ ಉಳಿದ್ರು, ಅದರಲ್ಲಿ ಆ 83 ಸಲದ ಜುಬೈದಾನೂ ಒಬ್ಬ, ಅವನ ಮೇಲೆ ಇಷ್ಟು ವರ್ಷದಲ್ಲಿ ಒಂದು ಆರೋಪಪಟ್ಟಿ ಕೂಡ ಹಾಕಿಲ್ಲ.

ವಿಚಾರಣೆ ಬಗ್ಗೆ ಇದ್ದ ಆದೇಶ ಬೇರೆ ದಾರಿ ಹಿಡೀತು. ಸೆನೆಟರ್ ಡಯಾನ್ ಫೈನ್‌ಸ್ಟೈನ್ ಅಧ್ಯಕ್ಷತೆಯ ಸಮಿತಿ ವರ್ಷಗಟ್ಟಲೆ ಸಿಐಎ ಕಾಗದಪತ್ರ ಓದಿ 6 ಸಾವಿರಕ್ಕೂ ಹೆಚ್ಚು ಪುಟದ ವರದಿ ಮಾಡ್ತು, ಅದರ ಸಾರಾಂಶ 2014ರ ಡಿಸೆಂಬರ್ 9ಕ್ಕೆ ಹೊರಗೆ ಬಂತು. ಸಿಐಎ ಹಿಡಿದಿಟ್ಟಿದ್ದು ಕನಿಷ್ಠ 119 ಜನರನ್ನ, ಅದರಲ್ಲಿ ಕನಿಷ್ಠ 26 ಜನರನ್ನ ಹಿಡೀಲೇಬಾರದಿತ್ತು ಅಂತ ಅದರಲ್ಲಿದೆ. ಗುಲ್ ರೆಹಮಾನ್ ಹೇಗೆ ಸತ್ತ ಅನ್ನೋದರ ವಿವರ ಎಲ್ಲ ಅದರಲ್ಲೇ. ಅದು ಹೊರಬಂದ ದಿನ ಮೆಕೇನ್ ಸೆನೆಟ್‌ನಲ್ಲಿ ಎದ್ದು ನಿಂತು ಅದರ ಪರವಾಗಿ ಮಾತಾಡಿದ್ರು, ಅವರ ಪಕ್ಷದ ಬಹಳ ಜನ ಆ ವರದಿಗೆ ವಿರುದ್ಧ ಇದ್ದಾಗ. ಮುಂದಿನ ವರ್ಷ ಮೆಕೇನ್, ಫೈನ್‌ಸ್ಟೈನ್ ಇಬ್ಬರೂ ಸೇರಿ, ಒಬ್ಬರು ರಿಪಬ್ಲಿಕನ್ ಒಬ್ಬರು ಡೆಮಾಕ್ರಟ್, ಆ ಆದೇಶದಲ್ಲಿದ್ದ ಮುಖ್ಯ ಮಾತನ್ನ ರಕ್ಷಣಾ ಮಸೂದೆ ಒಳಗೆ ಸೇರಿಸಿದ್ರು, 78ಕ್ಕೆ 21 ಓಟಲ್ಲಿ ಪಾಸಾಯ್ತು, 2015ರ ನವೆಂಬರ್‌ನಲ್ಲಿ ಕಾನೂನು ಆಯ್ತು. ಕೈಪಿಡಿ ಸಾರ್ವಜನಿಕವಾಗಿ ಎಲ್ಲರಿಗೂ ಸಿಗಬೇಕು, ಮೂರು ವರ್ಷಕ್ಕೊಮ್ಮೆ ಪರಿಶೀಲನೆ ಆಗಬೇಕು, ರೆಡ್‌ಕ್ರಾಸ್‌ಗೆ ಪ್ರವೇಶ ಕೊಡಬೇಕು ಅನ್ನೋದೆಲ್ಲ ಅದರಲ್ಲಿ ಬಂತು. ಅವತ್ತು ನಮ್ಮಲ್ಲಿ ಯಾವ ಪೇಪರ್‌ನ ಮೊದಲ ಪುಟದಲ್ಲೂ ನಾನು ಈ ಸುದ್ದಿ ನೋಡಲಿಲ್ಲ, ರಕ್ಷಣಾ ಬಜೆಟ್ ಮಸೂದೆಯ ಒಂದು ಕಲಮು, ಫೋಟೋ ತೆಗೆಯೋಕೆ ಏನೂ ಇರಲಿಲ್ಲ.

ಅದರ ಬೆಲೆ ಗೊತ್ತಾಗಿದ್ದು 2017ರ ಜನವರಿಯಲ್ಲಿ. ಟ್ರಂಪ್ ಪ್ರಚಾರದಲ್ಲೇ ವಾಟರ್‌ಬೋರ್ಡಿಂಗ್ ವಾಪಸ್ ತರ್ತೀನಿ, ಅದಕ್ಕಿಂತ ಕೆಟ್ಟದ್ದನ್ನೂ ತರ್ತೀನಿ ಅಂದಿದ್ರು, ಅಧಿಕಾರಕ್ಕೆ ಬಂದ ಒಂದು ವಾರದೊಳಗೆ ಟಿವಿ ಸಂದರ್ಶನದಲ್ಲಿ ಹಿಂಸೆ ಕೆಲಸ ಮಾಡುತ್ತೆ ಅಂತ ನನಗೆ ಖಂಡಿತ ಅನ್ಸುತ್ತೆ ಅಂದ್ರು. ಅದೇ ಹೊತ್ತಿಗೆ ಒಬಾಮ ಅವರ ಎರಡೂ ಆದೇಶ ರದ್ದು ಮಾಡಿ ಗುಪ್ತ ಜೈಲುಗಳನ್ನ ಮತ್ತೆ ತೆರೆಯೋ ಬಗ್ಗೆ ಪರಿಶೀಲಿಸೋ ಕರಡು ಆದೇಶವೊಂದು ಪತ್ರಿಕೆಗಳ ಕೈಗೆ ಸಿಕ್ತು, ಅದು ನಮ್ಮದಲ್ಲ ಅಂತ ಶ್ವೇತಭವನದ ವಕ್ತಾರರು ಹೇಳಿದ್ರು. ಅವತ್ತು ಮೆಕೇನ್ ಕೊಟ್ಟ ಹೇಳಿಕೆ, ಅಧ್ಯಕ್ಷರು ತಮಗೆ ಬೇಕಾದ ಆದೇಶಕ್ಕೆ ಸಹಿ ಹಾಕ್ಕೊಳ್ಳಲಿ, ಆದ್ರೆ ಕಾನೂನು ಕಾನೂನೇ, ಹಿಂಸೆಯನ್ನ ನಾವು ವಾಪಸ್ ತರಲ್ಲ ಅಂತ. ರಕ್ಷಣಾ ಸಚಿವ ಮ್ಯಾಟಿಸ್ ಕೂಡ ಹಿಂಸೆಯಿಂದ ಉಪಯೋಗ ಇಲ್ಲ ಅನ್ನೋರು. ಆ ಕರಡಿಗೆ ಸಹಿ ಬೀಳಲಿಲ್ಲ. ಬಿದ್ದಿದ್ರೂ 2015ರ ಕಾನೂನು ಅಡ್ಡ ನಿಂತಿರೋದು. ಒಂದು ಆದೇಶ ಬರೀ ಆದೇಶವಾಗೇ ಉಳೀತು, ಟ್ರಂಪ್ ಕೈಗೆ ಸುಲಭವಾಗಿ ಸಿಕ್ತು, ಇನ್ನೊಂದನ್ನ ಎರಡು ಪಕ್ಷದವರು ಸೇರಿ ಕಾನೂನು ಮಾಡಿಟ್ಟಿದ್ರು, ಅದು ಉಳೀತು.

ಒಬಾಮ ಬಗ್ಗೆ ನನಗೆ ಗೌರವ ಇದೆ, ಹಾಗಂತ ಎಲ್ಲವನ್ನೂ ಒಪ್ಪೋಕೆ ಆಗಲ್ಲ. 2009ರ ಏಪ್ರಿಲ್‌ನಲ್ಲಿ ಆ ಹಳೇ ಮೆಮೊಗಳನ್ನ ಬಹಿರಂಗ ಮಾಡಿದ್ದು ದೊಡ್ಡ ಕೆಲಸ, ಆದ್ರೆ ಅದೇ ದಿನ ಹಳೇದಕ್ಕೆ ಯಾರು ಹೊಣೆ ಅಂತ ಹುಡುಕೋದರಲ್ಲಿ ಸಮಯ ಕಳೆದು ಪ್ರಯೋಜನ ಇಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ರು, ಕಾನೂನು ಸಲಹೆ ನಂಬಿ ಕೆಲಸ ಮಾಡಿದವರ ಮೇಲೆ ಕೇಸು ಇಲ್ಲ ಅಂದ್ರು. ಒಬ್ಬ ಪ್ರಾಸಿಕ್ಯೂಟರ್ 101 ಕೈದಿಗಳ ವಿಷಯ ಪರಿಶೀಲಿಸಿದ್ರು, 2012ರಲ್ಲಿ ಯಾರ ಮೇಲೂ ಕೇಸು ಹಾಕದೆ ಮುಗಿಸಿದ್ರು, ಗುಲ್ ರೆಹಮಾನ್ ಸಾವಿಗೂ ಇಲ್ಲ. ವಿಚಾರಣೆಯ ವಿಡಿಯೊ ಟೇಪುಗಳನ್ನ ಸಿಐಎ 2005ರಲ್ಲಿ ನಾಶ ಮಾಡಿತ್ತು, 92 ಟೇಪು, ಅದಕ್ಕೂ ಯಾರಿಗೂ ಶಿಕ್ಷೆ ಇಲ್ಲ. ಒಬ್ಬ ಬಡವ ಸಾಕ್ಷ್ಯ ನಾಶ ಮಾಡಿದ್ರೆ ಯಾವ ದೇಶದ ಕೋರ್ಟೂ ಬಿಡಲ್ಲ. ಮೇಲಿನವರು ಒಂದು ಅಭಿಪ್ರಾಯ ಬರೆಸ್ಕೊಂಡ್ರೆ ಸಾಕು ಬಚಾವ್ ಅಂತ ಆದ್ರೆ, ಮುಂದೆ ಇನ್ನೊಬ್ಬ ಅಧ್ಯಕ್ಷರು 2015ರ ಕಾನೂನಿಗೂ ಇನ್ನೊಂದು ಗುಪ್ತ ಅರ್ಥ ಬರೆಸೋದಕ್ಕೆ ಯಾಕೆ ಹೆದರಬೇಕು. ಹಿಂಸೆ ಕೊಟ್ರೆ ಜೈಲು ಅನ್ನೋ 1994ರ ಕಾನೂನಿಗೆ ಹಾಗೇ ಅಲ್ವಾ ಆಗಿದ್ದು.

ಹಿಂಸೆ ಕೋರ್ಟಲ್ಲಿ ಏನು ಮಾಡುತ್ತೆ ಅನ್ನೋದನ್ನ ವಕೀಲನಾಗಿ ಹೇಳಲೇಬೇಕು. 1998ರಲ್ಲಿ ಪೂರ್ವ ಆಫ್ರಿಕಾದ ಎರಡು ಅಮೆರಿಕನ್ ರಾಯಭಾರ ಕಚೇರಿಗಳಲ್ಲಿ ಬಾಂಬ್ ಸಿಡಿದು 224 ಜನ ಸತ್ತಿದ್ರು. ಅದರ ಆರೋಪಿ ಘೈಲಾನಿಯನ್ನ, ಅಮೆರಿಕದ ನೆಲಕ್ಕೆ ತರಬಾರದು ಅನ್ನೋ ಕಾನೂನು ಬರೋ ಮೊದಲು, ಗ್ವಾಂಟನಾಮೊದಿಂದ ನ್ಯೂಯಾರ್ಕ್ ಕೋರ್ಟಿಗೆ ತಂದು ವಿಚಾರಣೆ ಮಾಡಿದಾಗ, ಸ್ಫೋಟಕ ಮಾರಿದ್ದು ನಾನೇ ಅಂತ ಹೇಳಬೇಕಿದ್ದ ಪ್ರಮುಖ ಸಾಕ್ಷಿಯನ್ನ ಜಡ್ಜ್ ಒಳಗೇ ಬಿಡಲಿಲ್ಲ, ಯಾಕಂದ್ರೆ ಆ ಸಾಕ್ಷಿಯ ಹೆಸರು ಗೊತ್ತಾಗಿದ್ದೇ ಸಿಐಎ ಬಲವಂತದಿಂದ ಪಡೆದ ಹೇಳಿಕೆಯಿಂದ. 280ಕ್ಕೂ ಹೆಚ್ಚು ಆರೋಪ ಬಿದ್ದುಹೋದ್ವು, ಒಂದೇ ಒಂದು ನಿಂತು ಅದರ ಮೇಲೆ ಜೀವಾವಧಿ ಆಯ್ತು. ಖಾಲಿದ್ ಶೇಖ್ ಕೇಸಂತೂ ಇನ್ನೂ ಎಳೀತಾನೇ ಇದೆ, 2024ರಲ್ಲಿ ತಪ್ಪೊಪ್ಪಿಗೆ ಒಪ್ಪಂದ ಆಯ್ತು, ಎರಡೇ ದಿನಕ್ಕೆ ರಕ್ಷಣಾ ಸಚಿವರು ವಾಪಸ್ ತಗೊಂಡ್ರು, 2025ರಲ್ಲಿ ಅಪೀಲು ಕೋರ್ಟು ವಾಪಸ್ ತಗೊಂಡಿದ್ದೇ ಸರಿ ಅಂತು. ಸುಮಾರು 3 ಸಾವಿರ ಜನ ಸತ್ತ ಆ ದಾಳಿಯ ಸಂತ್ರಸ್ತ ಕುಟುಂಬಗಳಿಗೆ ಮುಖ್ಯ ಆರೋಪಿಯ ಮೇಲೆ ಒಂದು ತೀರ್ಪು ಸಿಗದಿರೋದಕ್ಕೆ ದೊಡ್ಡ ಕಾರಣ ಆ ಹಿಂಸೆಯೇ.

ನಮ್ಮ ಕಡೆಗೆ ಬರ್ತೀನಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯ ಆಗಲ್ಲ ಅನ್ನೋದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನಿಂದ ಬಂದಿದ್ದು, ಈಗ ಹೊಸ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿದೆ. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಒಂದು ಕಾಲದಲ್ಲಿ ನಾರ್ಕೊ ಪರೀಕ್ಷೆಗೆ, ಅಂದ್ರೆ ಮಂಪರು ಔಷಧಿ ಕೊಟ್ಟು ಮಾತಾಡಿಸೋದಕ್ಕೆ, ದೇಶಕ್ಕೆಲ್ಲ ಹೆಸರಾಗಿತ್ತು, ನಕಲಿ ಛಾಪಾ ಕಾಗದ ಹಗರಣದ ತೆಲಗಿ ಮಂಪರಲ್ಲಿ ಮಾತಾಡಿದ್ದನ್ನ ಟಿವಿಯಲ್ಲಿ ನೋಡಿದ್ದು ಬಹಳ ಜನಕ್ಕೆ ನೆನಪಿರುತ್ತೆ. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಕೇಸಲ್ಲಿ ಸುಪ್ರೀಂ ಕೋರ್ಟು, ಆರೋಪಿಯ ಒಪ್ಪಿಗೆ ಇಲ್ಲದೆ ನಾರ್ಕೊ, ಬ್ರೈನ್ ಮ್ಯಾಪಿಂಗ್, ಸುಳ್ಳುಪತ್ತೆ ಯಾವುದನ್ನೂ ಮಾಡೋ ಹಾಗಿಲ್ಲ, ಅದು ಸಂವಿಧಾನದ 20(3) ಮತ್ತು 21ನೇ ವಿಧಿಗೆ ವಿರುದ್ಧ ಅಂತು. ಯಾವ ಸರ್ಕಾರ ಬರಲಿ ಯಾವ ಗೃಹಮಂತ್ರಿ ಬರಲಿ ಒಂದು ಸುತ್ತೋಲೆಯಿಂದ ಅದನ್ನ ತೆಗೆಯೋಕೆ ಆಗಲ್ಲ. ಇದು ನಮ್ಮ ರಾಜ್ಯದಿಂದ ಹೋದ ಕೇಸು, ನನಗೆ ಹೆಮ್ಮೆ ಇದೆ.

ಆದ್ರೆ ಸ್ಟೇಷನ್ ಒಳಗಿನ ಹೊಡೆತಕ್ಕೆ ಅಂತಾನೇ ಒಂದು ಕಾನೂನು ನಮ್ಮಲ್ಲಿ ಇವತ್ತಿಗೂ ಇಲ್ಲ. ವಿಶ್ವಸಂಸ್ಥೆಯ ಅದೇ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕ್ತು, ಇವತ್ತಿನ ತನಕ ಅಂತಿಮ ಒಪ್ಪಿಗೆ ಕೊಟ್ಟಿಲ್ಲ. ಸೆಲ್ವಿ ತೀರ್ಪು ಬಂದ ತಿಂಗಳಲ್ಲೇ, 2010ರ ಮೇನಲ್ಲಿ, ಚಿತ್ರಹಿಂಸೆ ತಡೆ ಮಸೂದೆ ಲೋಕಸಭೆಯಲ್ಲಿ ಪಾಸಾಯ್ತು, ರಾಜ್ಯಸಭೆ ಅದನ್ನ ಸೆಲೆಕ್ಟ್ ಕಮಿಟಿಗೆ ಕಳಿಸ್ತು, ಆ ಲೋಕಸಭೆಯ ಅವಧಿ ಮುಗಿದು ಮಸೂದೆ ಬಿದ್ದುಹೋಯ್ತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಕರಡು ಮಸೂದೆ ಸಮೇತ ಶಿಫಾರಸು ಕೊಟ್ಟಿದೆ, ಅದೂ ಹಾಗೇ ಇದೆ. ಡಿ.ಕೆ. ಬಸು ಕೇಸಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ಬಂಧನದ ನಿಯಮಗಳನ್ನ ಸ್ಟೇಷನ್ ಗೋಡೆ ಮೇಲೆ ಬೋರ್ಡು ಹಾಕಿರ್ತಾರೆ, ಅದನ್ನ ಪಾಲಿಸದಿದ್ರೆ ಏನಾಗುತ್ತೆ ಅನ್ನೋದು ಕಕ್ಷಿದಾರರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಬಾಂಬ್ ಇಟ್ಟಿರೋನು ಸಿಕ್ಕಿಬಿದ್ದಿದ್ದಾನೆ, ಒಂದು ಗಂಟೇಲಿ ಸಿಡಿಯುತ್ತೆ, ಆಗ್ಲೂ ಸುಮ್ಮನಿರ್ತೀರಾ ಅಂತ ನನ್ನನ್ನ ಬಾರ್ ಅಸೋಸಿಯೇಶನ್ ರೂಮಲ್ಲೇ ಕಿರಿಯ ವಕೀಲರು ಕೇಳ್ತಾರೆ. ಅಮೆರಿಕದ ಸೆನೆಟ್ ಸಮಿತಿ, ಸಿಐಎ ತಾನೇ ದೊಡ್ಡ ಯಶಸ್ಸು ಅಂತ ತೋರಿಸಿದ 20 ಉದಾಹರಣೆಗಳನ್ನ ಒಂದೊಂದಾಗಿ ಕಾಗದ ತೆಗೆದು ನೋಡ್ತು, ಸಿಐಎ ಹೇಳಿದ ಹಾಗೆ ಒಂದೂ ಇರಲಿಲ್ಲ, ಎಷ್ಟೋ ಸಲ ಮಾಹಿತಿ ಮೊದಲೇ ಬೇರೆ ಕಡೆಯಿಂದ ಬಂದಿತ್ತು. ಸಿಐಎ ಇದನ್ನ ಒಪ್ಪಿಲ್ಲ, ಸರಿ. ನನ್ನ ಉತ್ತರ ಅದಕ್ಕಿಂತ ನೇರ, ಆ ಒಂದು ಗಂಟೆಯ ಬಾಂಬಿಗೆ ಅಂತ ತೆರೆದ ಬಾಗಿಲಿಂದ ಒಳಗೆ ಹೋದವರು ಹಿಡೀಲೇಬಾರದಿದ್ದ ಆ 26 ಜನ. ಖಾಲಿದ್ ಅಲ್ ಮಸ್ರಿ ಅನ್ನೋ ಜರ್ಮನಿಯ ನಾಗರಿಕನನ್ನ 2003ರ ಕೊನೇಲಿ ಮ್ಯಾಸಿಡೋನಿಯಾದಲ್ಲಿ ಬೇರೆ ಯಾರೋ ಅಂದ್ಕೊಂಡು ಹಿಡಿದು, ಅಫ್ಘಾನಿಸ್ತಾನದ ಜೈಲಲ್ಲಿ ತಿಂಗಳುಗಟ್ಟಲೆ ಇಟ್ಟು, ಕೊನೆಗೆ ಅಲ್ಬೇನಿಯಾದ ಒಂದು ರಸ್ತೇಲಿ ಬಿಟ್ಟುಹೋದ್ರು. ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2012ರಲ್ಲಿ ಅವರ ಪರ ತೀರ್ಪು ಕೊಟ್ಟು ಮ್ಯಾಸಿಡೋನಿಯಾ ಪರಿಹಾರ ಕೊಡಬೇಕು ಅಂತು, ಅಮೆರಿಕದ ಕೋರ್ಟು ರಾಷ್ಟ್ರೀಯ ಭದ್ರತೆಯ ಗುಟ್ಟು ಅಂತ ಅವರ ದಾವೆಯನ್ನ ಕೇಳಲೇ ಇಲ್ಲ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಎರಡು. ಅಮೆರಿಕದ್ದಾಗಲಿ ನಮ್ಮದಾಗಲಿ, ಹೊಸ ಸರ್ಕಾರ ಹಳೇ ಆದೇಶ ರದ್ದು ಮಾಡಿದ ಸುದ್ದಿ ಹಾಕಿದಾಗ, ಆ ಆದೇಶದ ಹಿಂದೆ ಕಾನೂನು ಇದೆಯಾ ಇಲ್ವಾ ಅಂತ ಒಂದು ಸಾಲು ಸೇರಿಸಿ, ಒಂದು ವರ್ಷ ಆದ್ಮೇಲೆ ವರದಿಗಾರರನ್ನ ವಾಪಸ್ ಅದೇ ಸುದ್ದಿಗೆ ಕಳಿಸಿ. ಎರಡನೇದು, ಕಾನೂನು ಆಯೋಗದ 273ನೇ ವರದಿಯಲ್ಲಿರೋ ಕರಡು ಮಸೂದೆಯನ್ನ ಕನ್ನಡದಲ್ಲಿ ನಿಮ್ಮ ಪೇಪರಲ್ಲಿ ಪ್ರಕಟಿಸಿ, ಜೊತೆಗೆ ಕರ್ನಾಟಕದ ಲೋಕಸಭೆಯ 28 ಸದಸ್ಯರಿಗೂ ರಾಜ್ಯಸಭೆಯ 12 ಸದಸ್ಯರಿಗೂ ನೀವು ಇದನ್ನ ಬೆಂಬಲಿಸ್ತೀರಾ ಅಂತ ಕೇಳಿ, ಅವರ ಉತ್ತರವನ್ನ ಹೆಸರು ಸಮೇತ ಹಾಕಿ, ಉತ್ತರ ಕೊಡದವರ ಹೆಸರನ್ನೂ ಹಾಕಿ. ಆ ಮಸೂದೆಯ ಕನ್ನಡ ಅನುವಾದ ಮಾಡಿಕೊಡೋಕೆ ನಾನು ತಯಾರಿದ್ದೀನಿ, ಹಣ ಬೇಡ.

ಇತಿ,
ನಿಮ್ಮ ಓದುಗ, ಒಬ್ಬ ವಕೀಲ
ತುಮಕೂರು